ಬರೀ ಎಸೆಯುವ ಚಾಕು ನಂಬಿಕೊಂಡು ರೋಗ್ ಆಡಬಹುದೇ?

ನೀವು ಕೇಳಿದ್ದು ಇಷ್ಟು: ಡಿ ಅಂಡ್ ಡಿಯಲ್ಲಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ದಾಳ ಹಾಕಿ ಪಾತ್ರವಾಗಿ ಆಡುವ ಆಟ) ಐದನೇ ಲೆವೆಲ್ ರೋಗ್ (ಹೊಂಚು ಹಾಕಿ ಹೊಡೆಯುವ ಪಾತ್ರ), ಬಿಲ್ಲು ಬೇಡ, ಸೊಂಟದ ತುಂಬ ಚಾಕು. ಡಿ4 ಆಯುಧ (ಪೆಟ್ಟಿನ ಲೆಕ್ಕಕ್ಕೆ ನಾಲ್ಕು ಮುಖದ ದಾಳ) ಅಂತ ಜೊತೆಯವರು ನಗುತ್ತಾರೆ. ಆಡಬಹುದು. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡದವರ ಟೇಬಲಿನಲ್ಲಿ (ಭಾನುವಾರ ಹಳಿ ಕೆಲಸಕ್ಕೆ ಲೋಕಲ್ ರೈಲು ನಿಲ್ಲಿಸುವ ಮೆಗಾಬ್ಲಾಕ್ ಇದ್ದರೆ ಅರ್ಧ ಜನ ನಾಪತ್ತೆ) ನಾನು ಆಡುತ್ತಿರುವುದೂ ಇಂಥದ್ದೇ ಪಾತ್ರ.

ಡ್ಯಾಮೇಜ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಡ್ಯಾಗರ್ ಅಂದರೆ ಈ ಚಾಕುವಿನ ಡಿ4ಗೂ ಶಾರ್ಟ್‌ಬೋ ಅಂದರೆ ಗಿಡ್ಡ ಬಿಲ್ಲಿನ ಡಿ6ಗೂ ಸರಾಸರಿಯಲ್ಲಿ ಒಂದೇ ಪಾಯಿಂಟ್ ವ್ಯತ್ಯಾಸ. ಪೆಟ್ಟಿನ ತೂಕವೆಲ್ಲ 3ಡಿ6 (ಆರು ಮುಖದ ಮೂರು ದಾಳ) ಸ್ನೀಕ್ ಅಟ್ಯಾಕಿನದು, ಅಂದರೆ ರೋಗ್ ಟರ್ನಿಗೆ ಒಮ್ಮೆ ಸೇರಿಸುವ ಹೊಂಚಿನ ಪೆಟ್ಟಿನದು. ಡ್ಯಾಗರ್ ಫಿನೆಸ್ (ಬಲದ ಬದಲು ಚುರುಕುತನದಿಂದ ಬಳಸಬಹುದಾದ) ಆಯುಧವಾದ್ದರಿಂದ ಎಸೆದರೂ ಸ್ನೀಕ್ ಅಟ್ಯಾಕ್ ಸಿಗುತ್ತದೆ.

ನಿಜವಾದ ತೊಂದರೆ ದೂರದ್ದು. ಚಾಕು ಸರಿಯಾಗಿ ಎಸೆಯಬಹುದಾದದ್ದು 20 ಅಡಿ, ಅಂದರೆ ಮ್ಯಾಪಿನ ನಾಲ್ಕೇ ಚೌಕ. ಅದರಾಚೆ 60 ಅಡಿವರೆಗೆ (ಒಂದು ಲೋಕಲ್ ಬೋಗಿಯಷ್ಟೂ ಇಲ್ಲ) ಎಸೆದರೆ ಡಿಸ್‌ಅಡ್ವಾಂಟೇಜ್ (ಎರಡು ಸಲ ದಾಳ ಹಾಕಿ ಕಡಿಮೆಯದನ್ನೇ ಹಿಡಿಯಬೇಕು), ಅದಿದ್ದಲ್ಲಿ ಸ್ನೀಕ್ ಅಟ್ಯಾಕ್ ಇಲ್ಲ. ಶಾರ್ಟ್‌ಬೋದವನು 80 ಅಡಿ ದೂರದಲ್ಲಿ ಆರಾಮಾಗಿ ಕೂತಿರುತ್ತಾನೆ, ನೀವು ಶತ್ರು ಒಂದೇ ಓಟಕ್ಕೆ ತಲುಪುವಷ್ಟು ಹತ್ತಿರ ಇರಬೇಕು.

ಇನ್ನು ಚಾಕು ಹಿರಿಯುವ ರಗಳೆ. 2014ರ ನಿಯಮದ ಪುಸ್ತಕದಲ್ಲಿ ಒಂದು ಟರ್ನಿಗೆ ಒಂದೇ ವಸ್ತು ಪುಕ್ಕಟೆಯಾಗಿ ತೆಗೆಯಬಹುದು. ಎರಡೂ ಕೈಯಲ್ಲಿ ಚಾಕು ಹಿಡಿದು ಶುರುಮಾಡಿದರೆ ಎರಡು ಸುತ್ತು ಹೇಗೋ ಜೋಡಿ ಎಸೆತ ನಡೆಯುತ್ತದೆ, ಮೂರನೇ ಸುತ್ತಿನಿಂದ ಒಂದೊಂದೇ. ಮೊದಲ ಎಸೆತ ತಪ್ಪಿದರೆ ಸ್ನೀಕ್ ಅಟ್ಯಾಕಿಗೆ ಇನ್ನೊಂದು ಅವಕಾಶ ಸಿಗುವುದು ಎರಡನೇ ಚಾಕುವಿನಿಂದ, ಹಾಗಾಗಿ ಇದು ಸಣ್ಣ ನಷ್ಟವಲ್ಲ. 2024ರ ಪುಸ್ತಕದಲ್ಲಿ ಥ್ರೋನ್ (ಎಸೆಯುವ) ಆಯುಧವನ್ನು ಎಸೆತದ ಜೊತೆಗೇ ಹಿರಿಯಬಹುದು. ಮಾಸ್ಟರಿಯಲ್ಲಿ (ಆರಿಸಿದ ಆಯುಧಕ್ಕೆ ಸಿಗುವ ವಿಶೇಷ ಗುಣ) ಡ್ಯಾಗರ್ ಆರಿಸಿದರೆ 'ನಿಕ್' ಸಿಗುತ್ತದೆ: ಎರಡನೇ ಎಸೆತಕ್ಕೆ ಬೋನಸ್ ಆಕ್ಷನ್ (ಟರ್ನಿಗೆ ಒಂದೇ ಸಿಗುವ ಹೆಚ್ಚುವರಿ ಕ್ರಿಯೆ) ಬೇಡ, ಅದನ್ನು ಅಡಗಿಕೊಳ್ಳಲು ಉಳಿಸಿಕೊಳ್ಳಿ. ನನ್ನ ಮಟ್ಟಿಗೆ ಚಾಕು ರೋಗ್ ಆಡುವಂತಾದದ್ದು ಇದರಿಂದಲೇ. ಹಾಗಾಗಿ ಯಾವ ಪುಸ್ತಕ ಅಂತ ಡಿಎಂ (ಆಟ ನಡೆಸುವವರು) ಹತ್ತಿರ ಮೊದಲೇ ಕೇಳಿ.

ಡಾರ್ಟ್ (ಎಸೆಯುವ ಸಣ್ಣ ಈಟಿ) ಅಗ್ಗ, ಒಂದು ಡ್ಯಾಗರ್ ಬೆಲೆಗೆ 40 ಬರುತ್ತವೆ. ಆದರೆ ಅದು 'ಲೈಟ್' (ಎರಡೂ ಕೈಯಲ್ಲಿ ಜೋಡಿಯಾಗಿ ಬಳಸುವ ಬಗೆಯ) ಆಯುಧವಲ್ಲ, ಜೋಡಿ ಎಸೆತ ಆಗುವುದಿಲ್ಲ.

ಡಿಎಂ ಪ್ರೀತಿಯಿಂದ ಒಂದು +1 (ಮಾಂತ್ರಿಕ) ಡ್ಯಾಗರ್ ಕೊಟ್ಟರೆ ಹಿಗ್ಗಬೇಡಿ. ಎಸೆದ ಮೇಲೆ ಅದು ಗಾಬ್ಲಿನ್ ಎದೆಯಲ್ಲೋ ಬಾವಿಯಲ್ಲೋ ಇರುತ್ತದೆ. ಪಾರ್ಟಿಯಲ್ಲಿ ಆರ್ಟಿಫಿಸರ್ (ಮಾಂತ್ರಿಕ ವಸ್ತು ಮಾಡುವ ಪಾತ್ರ) ಇದ್ದರೆ 'ರಿಟರ್ನಿಂಗ್ ವೆಪನ್' ಮಾಡಿಸಿಕೊಳ್ಳಿ, ಎಸೆದ ತಕ್ಷಣ ಕೈಗೆ ವಾಪಸ್. ಇಲ್ಲವೇ ರೋಗಿನದೇ ಒಂದು ಉಪಬಗೆಯಾದ ಸೋಲ್‌ನೈಫ್ ಆಗಿ: ಮನಸ್ಸಿನಿಂದಲೇ ಹುಟ್ಟುವ ಅಲಗು, 60 ಅಡಿಯವರೆಗೂ ಡಿಸ್‌ಅಡ್ವಾಂಟೇಜ್ ಇಲ್ಲ, ಹೆಕ್ಕುವ ಕೆಲಸವೂ ಇಲ್ಲ.