ರೆಮಿಂಗ್ಟನ್‌ನ ಕಂಚಿನ ಕುದುರೆಗಳು ಬೀಳದೆ ನಿಂತಿರುವುದು ಹೇಗೆ?

ಪತ್ರಿಕೆಗಳಿಗೆ ಚಿತ್ರ ಬರೆಯುತ್ತಿದ್ದ ಅಮೆರಿಕದ ಕಲಾವಿದ ಫ್ರೆಡರಿಕ್ ರೆಮಿಂಗ್ಟನ್ ಕಂಚಿನ ಕೆಲಸಕ್ಕೆ ಬಂದದ್ದು ಹೇಗೆ, ನಾಗಾಲೋಟದಲ್ಲಿರುವ ಅವನ ಕುದುರೆಗಳು ಮಗುಚಿ ಬೀಳುವುದಿಲ್ಲವೇಕೆ ಎಂದು ಕೇಳಿದ್ದೀರಿ. ಎರಡಕ್ಕೂ ಉತ್ತರ ಅವನ ಕೈಚಳಕದಲ್ಲಿ ಅರ್ಧ ಇದೆ, ಇನ್ನರ್ಧ ಎರಕದ ಮನೆಯಲ್ಲಿದೆ.

ನ್ಯೂಯಾರ್ಕ್ ನಗರದ ಬಳಿಯ ನ್ಯೂ ರೊಶೆಲ್‌ನಲ್ಲಿ ಅವನ ಮನೆಯ ಹತ್ತಿರವೇ ಶಿಲ್ಪಿ ಫ್ರೆಡರಿಕ್ ರಕ್‌ಸ್ಟಲ್ ಒಂದು ಅಶ್ವಾರೋಹಿ ಪ್ರತಿಮೆಯ ಮಾದರಿ ಮಾಡುತ್ತಿದ್ದ. ಅದನ್ನು ನೋಡುತ್ತಲೇ ರೆಮಿಂಗ್ಟನ್‌ಗೆ ಹುರುಪು ಬಂತು. ಶಿಲ್ಪದ ತರಬೇತಿಯೇ ಇಲ್ಲದವನು 1895ರಲ್ಲಿ ಮೊದಲ ಕೃತಿಯಾಗಿಯೇ ‘ಬ್ರಾಂಕೋ ಬಸ್ಟರ್’ (ಕಾಡುಕುದುರೆ ಪಳಗಿಸುವವ) ಮಾಡಿದ: ಹಿಂಗಾಲ ಮೇಲೆದ್ದ ಕುದುರೆ, ಬೆನ್ನಿಗಂಟಿದ ಕೌಬಾಯ್, ಎತ್ತರ ಎರಡಡಿಗೆ ಚೂರು ಕಮ್ಮಿ. ಹೊಸಬನಿಗೆ ಇದು ಹುಚ್ಚು ಧೈರ್ಯವೇ ಸರಿ.

ಅದನ್ನು ಹೆನ್ರಿ-ಬೊನಾರ್ಡ್ ಕಂಪನಿ ಮರಳಚ್ಚಿನಲ್ಲಿ, ಅಂದರೆ ಮಾದರಿಯನ್ನು ಮರಳಿಗೆ ಒತ್ತಿ ಮಾಡಿದ ಅಚ್ಚಿನಲ್ಲಿ, ಎರಕ ಹೊಯ್ಯಿತು. ಮರಳಚ್ಚಿನ ತೊಡಕು ಇಷ್ಟೇ: ಮಾದರಿಯನ್ನು ಅಚ್ಚು ಕೆಡದ ಹಾಗೆ ಹೊರಕ್ಕೆ ಎಳೆಯಬೇಕು. ತೊಡೆಯ ಒಳಮಗ್ಗುಲು, ಲಗಾಮು, ಚಾಟಿ ಇಂಥ ಒಳಸಂದಿಗಳಿದ್ದರೆ ಮರಳು ಕಿತ್ತು ಬರುತ್ತದೆ. ಹಾಗಾಗಿ ಬಿಡಿ ತುಂಡುಗಳನ್ನು ಎರೆದು ಆಮೇಲೆ ಜೋಡಿಸಬೇಕು.

1900ರ ಹೊತ್ತಿಗೆ ಅವನು ರಿಕಾರ್ಡೊ ಬೆರ್ಟೆಲ್ಲಿಯ ರೋಮನ್ ಬ್ರಾಂಜ್ ವರ್ಕ್ಸ್ ಎಂಬ ಎರಕದ ಮನೆಗೆ ಬಂದ. ಅಲ್ಲಿ ಮೇಣದ ಎರಕ. (ನಮ್ಮ ಕಲ್ಯಾಣದ ಚಾಲುಕ್ಯ ಸೋಮೇಶ್ವರನ ‘ಮಾನಸೋಲ್ಲಾಸ’ 12ನೇ ಶತಮಾನದಲ್ಲೇ ವಿವರಿಸಿದ್ದು ಇದೇ ತತ್ವವನ್ನು.) ಮಾದರಿಯಿಂದ ಮೆತ್ತನೆಯ ಅಚ್ಚು ತೆಗೆದು, ಒಳಗೆ ಕೆಲವೇ ಮಿಲಿಮೀಟರ್ ದಪ್ಪ ಮೇಣ ಹಿಡಿಸಿ, ಟೊಳ್ಳಿಗೆ ಶಾಖ ತಡೆಯುವ ಗಾರೆಯ ತಿರುಳು ತುಂಬುತ್ತಾರೆ. ಲೋಹ ಇಳಿಯಲು, ಗಾಳಿ ಹೊರಡಲು ಮೇಣದ ಕಡ್ಡಿ ಅಂಟಿಸಿ, ಹೊರಗೆ ಶಾಖ ತಡೆಯುವ ಗಾರೆ ಮೆತ್ತಿ ಸುಡುತ್ತಾರೆ. ಮೇಣ ಕರಗಿಹೋದ ಜಾಗಕ್ಕೆ ಸುಮಾರು 1,100 ಡಿಗ್ರಿ ಸೆಲ್ಸಿಯಸ್ ಬಿಸಿಯ ಕಂಚು. ಗಾರೆಯಲ್ಲಿ ತೇವ ಉಳಿದರೆ ಹಬೆಯೆದ್ದು ಲೋಹ ಸಿಡಿಯುತ್ತದೆ. ಗಾಳಿದಾರಿ ಸಾಲದಿದ್ದರೆ ಚಾಟಿಯ ತುದಿಯಂಥ ಸಣ್ಣ ಭಾಗ ತುಂಬುವುದೇ ಇಲ್ಲ.

ಪ್ರತಿ ಎರಕಕ್ಕೂ ಹೊಸ ಮೇಣ ಬೇಕಲ್ಲ, ಅದನ್ನೇ ರೆಮಿಂಗ್ಟನ್ ಲಾಭ ಮಾಡಿಕೊಂಡ. ಎರೆಯುವ ಮೊದಲು ಮೇಣವನ್ನು ತಾನೇ ತಿದ್ದುತ್ತಿದ್ದ. ‘ಬ್ರಾಂಕೋ ಬಸ್ಟರ್’ನ ಕೆಲವು ಪ್ರತಿಗಳಲ್ಲಿ ಸವಾರನ ಕಾಲಿಗೆ ನಯವಾದ ತೊಗಲಿನ ಕವಚವಿದ್ದರೆ, ಕೆಲವದರಲ್ಲಿ ಉಣ್ಣೆ ಗುಂಗುರಾಗಿ ಜೋತಾಡುತ್ತದೆ.

1902ರ ‘ಕಮಿಂಗ್ ಥ್ರೂ ದ ರೈ’ ಎಂಬ ಕಂಚಿನ ಕೃತಿಯಲ್ಲಿ ನಾಲ್ಕು ಕುದುರೆಗಳ 16 ಗೊರಸುಗಳಲ್ಲಿ ನೆಲ ಮುಟ್ಟಿದ್ದು ಆರೇ. ಒಂದು ಕುದುರೆಯಂತೂ ಪೂರ್ತಿ ಗಾಳಿಯಲ್ಲಿದೆ, ಪಕ್ಕದವುಗಳಿಗೆ ಬೆಸೆದುಕೊಂಡೇ ನಿಂತಿದೆ. ಮೈ ಟೊಳ್ಳು, ಭಾರ ಹಂಚಿಹೋಗಿದೆ, ಅದೇ ಗುಟ್ಟು.

1909ರ ಡಿಸೆಂಬರ್‌ನಲ್ಲಿ, 48ನೇ ವಯಸ್ಸಿಗೇ, ಅವನು ತೀರಿಕೊಂಡ. ಆಮೇಲೆ ಹೆಂಡತಿ ಈವಾ ಒಪ್ಪಿಗೆಯಿಂದ ಇನ್ನಷ್ಟು ಪ್ರತಿಗಳು ಬಂದವು. ಇಂದು ಸಿಗುವ ಹೆಚ್ಚಿನವು ಮಾತ್ರ ತೀರಾ ಈಚಿನ ನಕಲು. ಕೊಳ್ಳುವ ಯೋಚನೆಯಿದ್ದರೆ ಸಹಿ ನಂಬಬೇಡಿ, ಅದೂ ಅಚ್ಚಿನೊಂದಿಗೇ ಬರುತ್ತದೆ. ಅಳತೆಪಟ್ಟಿ ಹಿಡಿಯಿರಿ. ಕಂಚು ಆರುವಾಗ ಶೇ. 1.5ರಿಂದ 2ರಷ್ಟು ಕುಗ್ಗುವುದರಿಂದ, ಕಂಚಿನ ಪ್ರತಿಯಿಂದಲೇ ಅಚ್ಚು ತೆಗೆದು ಎರೆದದ್ದು 23 ಇಂಚಿಗೆ ಅರ್ಧ ಇಂಚಿನಷ್ಟು ಗಿಡ್ಡವಾಗಿರುತ್ತದೆ, ಲಗಾಮಿನ ಅಂಚೂ ಮೊಂಡಾಗಿರುತ್ತದೆ.