ಡ್ರಿಪ್ ಹಾಕಿದ ಕೊಳವೆಗೆ ಬ್ಯಾಕ್ಟೀರಿಯಾ ಹೇಗೆ ಅಂಟಿಕೊಳ್ಳುತ್ತದೆ? ಸೋಂಕು ಯಾಕೆ ಆಗುತ್ತದೆ?

ಗ್ಲೂಕೋಸ್ ಏರಿಸುವಾಗ ಕೈಯೊಳಗೆ ಉಳಿಯುವುದು ಸೂಜಿ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಸೂಜಿಯನ್ನು ನರ್ಸ್ ಆಗಲೇ ಹೊರಗೆ ಎಳೆದಿರುತ್ತಾರೆ, ಉಳಿಯುವುದು ಮೆತ್ತಗಿನ ಸಣ್ಣ ಪ್ಲಾಸ್ಟಿಕ್ ಕೊಳವೆ. ಅದೇ ಕ್ಯಾಥೆಟರ್, ವಾರ್ಡಿನಲ್ಲಿ ಕ್ಯಾನುಲಾ ಅಂತಾರೆ.

ರಕ್ತ ತಾಗಿದ ಸ್ವಲ್ಪ ಹೊತ್ತಿಗೇ ಅದರ ಮೇಲೆ ಫೈಬ್ರಿನೋಜೆನ್, ಫೈಬ್ರೊನೆಕ್ಟಿನ್ ಥರದ ನಮ್ಮದೇ ರಕ್ತದ ಪ್ರೋಟೀನ್‌ಗಳು ತೆಳ್ಳಗೆ ಕೂರುತ್ತವೆ. ಬ್ಯಾಕ್ಟೀರಿಯಾಗೆ ಒಳ್ಳೆಯ ಹಿಡಿತ ಸಿಗುವುದು ಇಲ್ಲೇ. ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್ ಅನ್ನುವ ಬ್ಯಾಕ್ಟೀರಿಯಾ ನಮ್ಮೆಲ್ಲರ ಚರ್ಮದ ಮೇಲೆ ಸುಮ್ನೆ ಇರುವಂಥದ್ದು. ಆದರೆ ಅದು ಚುಚ್ಚಿದ ಜಾಗದಿಂದ ಕೊಳವೆಯ ಹೊರಮೈ ಹಿಡಿದು ಇಳಿದರೆ, ಅಥವಾ ಔಷಧಿ ಹಾಕುವ ಬಾಯಿಯ ಕಡೆಯಿಂದ ಒಳಗೆ ಹೊಕ್ಕರೆ, ಆ ಪದರಕ್ಕೆ ಕಚ್ಚಿಕೊಂಡು, ಒಂದು ಎರಡಾಗಿ ಎರಡು ನಾಲ್ಕಾಗಿ, ಮೇಲೊಂದು ಲೋಳೆಯ ಹೊದಿಕೆ ಕಟ್ಟಿಕೊಳ್ಳುತ್ತದೆ. ಇದೇ ಬಯೋಫಿಲ್ಮ್. ತುಂಬಾ ದಿನ ತೊಳೆಯದ ನೀರಿನ ತೊಟ್ಟಿಯ ಒಳಗೋಡೆ ಕೈಗೆ ಜಾರುತ್ತದೆ ಅಲ್ವಾ, ಅದೂ ಇದೇ ಜಾತಿ.

ಆ ಲೋಳೆಯೊಳಗೆ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುತ್ತವೆ. ಬೇಗ ಬೆಳೆಯುವುದನ್ನು ಹೊಡೆಯುವ ಆಂಟಿಬಯೋಟಿಕ್‌ಗಳು ಅಲ್ಲಿ ಸೋಲುತ್ತವೆ, ಬಿಳಿ ರಕ್ತಕಣಗಳಿಗೂ ಕೆಲಸ ಕಷ್ಟ. ಒಂದಿಷ್ಟು ಕಳಚಿ ರಕ್ತ ಸೇರಿದರೆ ಚಳಿ ಜ್ವರ. ಅದಕ್ಕೇ ಎಷ್ಟೋ ಸಲ ಕೊಳವೆಯನ್ನೇ ತೆಗೆಯಬೇಕಾಗುತ್ತದೆ. ಕತ್ತಿನ ದೊಡ್ಡ ರಕ್ತನಾಳಕ್ಕೆ ಹಾಕಿದ್ದರಲ್ಲಿ ಅಪಾಯ ಜಾಸ್ತಿ.

ನಿಮ್ಮವರು ಅಡ್ಮಿಟ್ ಆಗಿದ್ದರೆ ಚುಚ್ಚಿದ ಜಾಗ ಕೆಂಪಾಗಿದೆಯಾ, ನೋವಿದೆಯಾ, ಮೇಲಿನ ಪಟ್ಟಿ ಒದ್ದೆಯಾಗಿದೆಯಾ ಅಂತ ದಿನಾ ನೋಡಿ, ಕಂಡರೆ ಆಗಲೇ ನರ್ಸ್‌ಗೆ ಹೇಳಿ. ಡ್ರಿಪ್ ನಿಂತ ಮೇಲೂ ಕೊಳವೆ ಹಾಗೇ ಇದ್ದರೆ, 'ಇದು ಇನ್ನೂ ಬೇಕಾ?' ಎಂದು ಸಂಕೋಚಪಡದೆ ಕೇಳಿ.