ಗೆಳೆಯನ ದುಡ್ಡು, ನನ್ನ ಮಷಿನ್: ಪಾರ್ಟ್‌ನರ್‌ಶಿಪ್ ಮಾಡಲಾ, ಎಲ್‌ಎಲ್‌ಪಿ ಮಾಡಲಾ?

ಗೆಳೆಯ ದುಡ್ಡು ಹಾಕುತ್ತಾನೆ, ನಾನು ಮಷಿನ್ ತರುತ್ತೇನೆ, ಪಾಲು ಅರ್ಧರ್ಧ ಅಂತ ಬರೆದು, ಪಾರ್ಟ್‌ನರ್‌ಶಿಪ್ ಮಾಡಲಾ, ಎಲ್‌ಎಲ್‌ಪಿ (ಪಾಲುದಾರರ ಹೊಣೆ ಸೀಮಿತವಾಗಿರುವ ಪಾಲುದಾರಿಕೆ) ಮಾಡಲಾ ಅಂತ ಕೇಳಿದ್ದೀರಿ. ಓದಿ ಎದೆ ಝಲ್ಲೆಂದಿತು. ನಾನೂ ನನ್ನ ಗೆಳೆಯನೂ ಹೀಗೇ ಶುರು ಮಾಡಿದ್ದು.

ಸಿದ್ಧ ನಮೂನೆಯ ಪಾಲುದಾರಿಕೆ ಕರಾರು ಪತ್ರ, ಅಂದರೆ ಡೀಡ್‌ನಲ್ಲಿ ಹೆಸರು ತುಂಬಿ ಸಹಿ ಹಾಕಿದೆವು. ಅವನ ಬಂಡವಾಳ 5 ಲಕ್ಷ ಎಂದು ಅದರಲ್ಲಿತ್ತು. 4 ಲಕ್ಷ ಬಾಳುವ ನನ್ನ ಕಟಿಂಗ್ ಮಷಿನ್ನಿನ ಸುದ್ದಿಯೇ ಇರಲಿಲ್ಲ. ಅದರ ವಿಮೆ, ರಿಪೇರಿ ಎಲ್ಲ ಫರ್ಮಿನ ಖರ್ಚಿಗೇ ಬರೆಸಿದ್ದೆ. ಹಾಗಾಗಿ ಫರ್ಮ್ ಮುಚ್ಚುವಾಗ ಅದು ಫರ್ಮಿನ ಆಸ್ತಿ ಅಂತಲೇ ಲೆಕ್ಕವಾಯಿತು, ನನ್ನ ಬಂಡವಾಳದ ಖಾತೆ ಮಾತ್ರ ಸೊನ್ನೆ.

ಲೆಕ್ಕ ನೋಡಿ. ಸಾಲ ತೀರಿಸಿ, ಮಷಿನ್ ಮಾರಿದ ದುಡ್ಡೂ ಸೇರಿ ಉಳಿದದ್ದು 7 ಲಕ್ಷ. 1932ರ ಪಾಲುದಾರಿಕೆ ಕಾಯ್ದೆಯ 48ನೇ ಕಲಮಿನ ಪ್ರಕಾರ ಮೊದಲು ಬಂಡವಾಳ ವಾಪಸ್, ಮಿಕ್ಕಿದ್ದು ಲಾಭದ ಪಾಲಿನಂತೆ ಹಂಚಿಕೆ. ಅವನಿಗೆ 5 ಲಕ್ಷ ಹೋಯಿತು, ಉಳಿದ 2 ಲಕ್ಷದಲ್ಲಿ ಒಂದೊಂದು. ಅವನಿಗೆ 6, ನನಗೆ 1. ನನ್ನ ಖಾತೆಗೆ 4 ಲಕ್ಷ ಜಮಾ ಬರೆಸಿದ್ದರೆ ಒಟ್ಟು ಬಂಡವಾಳ 9 ಲಕ್ಷ, ಕೊರತೆ 2 ಲಕ್ಷ, ತಲಾ ಒಂದೊಂದು ಲಕ್ಷ ನಷ್ಟ ಹೊತ್ತು ಅವನಿಗೆ 4, ನನಗೆ 3 ಬರುತ್ತಿತ್ತು. ಒಂದೇ ಒಂದು ಸಾಲು ಬರೆಸದೆ 2 ಲಕ್ಷ ಕಳೆದುಕೊಂಡೆ. ಅವನು ಮೋಸ ಮಾಡಲಿಲ್ಲ, ಡೀಡ್‌ನಲ್ಲಿದ್ದದ್ದನ್ನೇ ಕೇಳಿದ.

ದಿನವಿಡೀ ದುಡಿದದ್ದು ನಾನೊಬ್ಬನೇ. ಸಂಬಳ ಸಿಗಲಿಲ್ಲ. ಡೀಡ್‌ನಲ್ಲಿ ಬರೆಯದಿದ್ದರೆ ಪಾಲುದಾರನಿಗೆ ಸಂಬಳವಿಲ್ಲ ಅನ್ನುತ್ತದೆ 13ನೇ ಕಲಮು. ಅದು ಡೀಡ್‌ನಲ್ಲಿಲ್ಲದಿದ್ದರೆ ಆದಾಯ ತೆರಿಗೆಯಲ್ಲಿ ಖರ್ಚು ಅಂತ ತೋರಿಸಲೂ ಬರುವುದಿಲ್ಲ.

ಆದ್ದರಿಂದ ಪಾರ್ಟ್‌ನರ್‌ಶಿಪ್ಪಾ, ಎಲ್‌ಎಲ್‌ಪಿಯಾ ಅನ್ನುವ ಪ್ರಶ್ನೆ ಈಗಲೇ ಬೇಡ, ಮೊದಲು ಒಪ್ಪಂದ ಸರಿಯಾಗಿ ಬರೆಸಿ. ಒಪ್ಪಂದದಲ್ಲಿ ಬರೆಯದೆ ಬಿಟ್ಟರೆ ಎಲ್‌ಎಲ್‌ಪಿಯಲ್ಲೂ ಸಮಪಾಲೇ, ಸಂಬಳವೂ ಇಲ್ಲ. ಎಲ್‌ಎಲ್‌ಪಿಯ ಲಾಭ ಏನೆಂದರೆ ವ್ಯಾಪಾರದ ಸಾಲ ನಿಮ್ಮ ಮನೆಬಾಗಿಲಿಗೆ ಬರುವುದಿಲ್ಲ. ಆದರೆ ಬ್ಯಾಂಕಿಗೆ ವೈಯಕ್ತಿಕ ಜಾಮೀನು ಬರೆದುಕೊಟ್ಟರೆ ಆ ರಕ್ಷಣೆಯೂ ಅಷ್ಟಕ್ಕಷ್ಟೇ. ವ್ಯಾಪಾರ ನಡೆಯಲಿ ಬಿಡಲಿ, ಎಲ್‌ಎಲ್‌ಪಿ ಪ್ರತಿ ವರ್ಷ ಮೇ 30ಕ್ಕೆ ಫಾರ್ಮ್ 11 (ವಾರ್ಷಿಕ ವರದಿ), ಅಕ್ಟೋಬರ್ 30ಕ್ಕೆ ಫಾರ್ಮ್ 8 (ಲೆಕ್ಕಪತ್ರದ ವರದಿ) ಸರ್ಕಾರಕ್ಕೆ ಹಾಕಲೇಬೇಕು. ಉದ್ದರಿ ಸಾಮಾನು ಜಾಸ್ತಿ ತರುವುದಿದ್ದರೆ ಎಲ್‌ಎಲ್‌ಪಿ ಮಾಡಿ. ಇಬ್ಬರೇ ಇದ್ದೀರಿ, ಸಾಲವಿಲ್ಲ ಅನ್ನುವುದಾದರೆ ಪಾರ್ಟ್‌ನರ್‌ಶಿಪ್ ಸಾಕು, ಆದರೆ ನೋಂದಣಿ ಮಾಡಿಸಿ. ನೋಂದಣಿ ಇಲ್ಲದ ಫರ್ಮು ಬಾಕಿ ಕೊಡದ ಗಿರಾಕಿಯ ಮೇಲೆ ದಾವೆ ಹಾಕುವಂತಿಲ್ಲ (69ನೇ ಕಲಮು). ಪ್ರೈವೇಟ್ ಲಿಮಿಟೆಡ್ ನಿಮಗೆ ಬೇಡವೇ ಬೇಡ.

ಮಷಿನ್ ವಿಚಾರದಲ್ಲಿ ಎರಡೇ ದಾರಿ. ಒಂದೋ, ಇಬ್ಬರೂ ಒಪ್ಪಿದ ಬೆಲೆ ಕಟ್ಟಿಸಿ ನಿಮ್ಮ ಬಂಡವಾಳ ಖಾತೆಗೆ ಜಮಾ ಮಾಡಿಸಿ. ಇಲ್ಲವೇ, ಮಷಿನ್ ನಿಮ್ಮದಾಗಿಯೇ ಇರಲಿ, ಫರ್ಮಿಗೆ ತಿಂಗಳ ಬಾಡಿಗೆಗೆ ಕೊಡಿ, ಬಾಡಿಗೆ ಕರಾರು ಬೇರೆ ಕಾಗದದಲ್ಲಿರಲಿ. ನನ್ನ ಆಯ್ಕೆ ಎರಡನೆಯದು. ಆ ಕಾಗದದಲ್ಲಿ ಮಷಿನ್ನಿನ ಸೀರಿಯಲ್ ನಂಬರ್ ಇರಲಿ, ವಿಮೆ ನಿಮ್ಮ ಹೆಸರಿನಲ್ಲಿರಲಿ, ರಿಪೇರಿ ಯಾರ ಖರ್ಚು ಅನ್ನುವುದನ್ನೂ ಬರೆಸಿ.